ಬೀಗದಂಗಡಿಗೆ ಕನ್ನ

ಬೆಳಿಗ್ಗೆ ಅಂಗಡಿ ತೆರೆದು ಕೂರುವಷ್ಟರಲ್ಲಿ ಡಬಲ್ ಲಾಕ್‌ಗೆ ಹೆಂಡತಿಯ ಫೋನು ಬಂತು.

"ರೀ, ನಿಮ್ಮ ವೆಬ್‌ಸೈಟ್‌ನಲ್ಲಿ ವಿಗ್ ಮಾರ್ತಿದ್ದೀರಂತೆ? ನಂಗೊಂದು ಮಾತು ಹೇಳಬಾರದಿತ್ತಾ?"

ಡಬಲ್ ಲಾಕ್ ಎಂಬುದು ಬೀದಿಯವರು ಇಟ್ಟ ಹೆಸರು. ಬೀಗ ಮಾರುವ ಈ ಮಹಾಶಯ ಪಕ್ಕದಂಗಡಿಗೆ ಹೋಗಬೇಕಾದರೂ ಬಾಗಿಲಿಗೆ ಎರಡು ಬೀಗ ಜಡಿದು, ಜಗ್ಗಿ ನೋಡಿ, ಅರ್ಧ ದಾರಿಯಿಂದ ವಾಪಸು ಬಂದು ಮತ್ತೆ ಜಗ್ಗುವವನು. ತನ್ನ ನೆರಳು ಹಿಂದೆ ಬಂದರೂ ಯಾಕೆ ಬರುತ್ತಿದೆ ಎಂದು ತಿರುಗಿ ನೋಡುವ ಪೈಕಿ. ಗಾಬರಿಯಿಂದ ಸೈಟ್ ತೆರೆದ. ಬೀಗಗಳಿರಬೇಕಾದ ಜಾಗದಲ್ಲಿ ಸಾಲುಸಾಲು ವಿಗ್ಗುಗಳು! ಅವನ ಕೈ ತಾನಾಗಿ ತನ್ನ ಬೋಳು ತಲೆಯ ಮೇಲೆ ಹೋಯಿತು. ಇದು ತನ್ನನ್ನು ಬಲ್ಲವರದೇ ಕೆಲಸ.

ಅದೂ ಇವತ್ತೇ ಆಗಬೇಕೇ? ಹೆಂಡತಿಯ ಗೆಳತಿಯೊಬ್ಬಳು ಹೊಸ ಲಾಡ್ಜ್ ಕಟ್ಟಿಸಿದ್ದಳು. ಸಂಜೆ ಇವನ ವೆಬ್‌ಸೈಟ್ ನೋಡಿ, ಮನಸ್ಸಿಗೆ ಹಿಡಿಸಿದರೆ ಫೋನ್ ಮಾಡಿ ಅಷ್ಟೂ ಕೋಣೆಗಳಿಗೆ ಬೀಗ ಆರ್ಡರ್ ಕೊಡುವವಳಿದ್ದಳು. ಆ ಆರ್ಡರ್ ಬಂದರೆ, ವರ್ಷಗಳಿಂದ ನೊಣ ಹೊಡೆಯುತ್ತಿರುವ ಅಂಗಡಿ ಉಳಿಯುತ್ತದೆ. ಇಲ್ಲದಿದ್ದರೆ ಈ ತಿಂಗಳೇ ಮುಚ್ಚಬೇಕು.

ಸೈಟ್ ಮಾಡಿಕೊಟ್ಟಿದ್ದ ಭಾವಮೈದುನನನ್ನು ಕರೆಸಿ ವಿಚಾರಣೆ ಶುರುಮಾಡಿದ.

"ನಾನ್ಯಾಕೆ ಮಾಡ್ಲಿ ಭಾವ? ಮಾಡಿಕೊಟ್ಟ ದಿನಾನೇ ಪಾಸ್‌ವರ್ಡ್ ಬದಲಾಯಿಸಿ ನನ್ನನ್ನ ಆಚೆ ಹಾಕಿದ್ರಿ. ಆಗಾಗ ಅಪ್‌ಡೇಟ್ ಮಾಡ್ಬೇಕು ಅಂತ ಬಾಯಿ ನೋಯೋ ತನಕ ಹೇಳ್ದೆ, ಕೇಳಿದ್ರಾ?"

"ಸರಿಯಾಗಿ ನಡೀತಿರೋದನ್ನ ಯಾಕೆ ಮುಟ್ಬೇಕು? ಅದೆಲ್ಲ ನೀನು ಒಳಗೆ ಬರೋಕೆ ಹೂಡಿದ ನೆಪ!"

ಪಕ್ಕದ ಟೈಲರ್ ಮುಸಿಮುಸಿ ನಗುತ್ತ ಒಳಗೆ ಬಂದ. ಅನುಮಾನ ತಕ್ಷಣ ಅವನ ಮೇಲೆ ತಿರುಗಿತು.

"ಅಯ್ಯೋ ಸಾರ್, ನಂಗೆ ಫೋನಲ್ಲಿ ಅಲಾರಂ ಇಡೋಕೂ ಬರಲ್ಲ," ಎಂದ ಟೈಲರ್. "ಆದ್ರೂ ಆ ಎರಡನೇ ಸಾಲಿನ ಕಂದು ಬಣ್ಣದ್ದು ನಿಮ್ಮ ಮುಖಕ್ಕೆ ಒಪ್ಪುತ್ತೆ."

ಅಷ್ಟರಲ್ಲಿ ಎದುರಂಗಡಿಯವನು ಲ್ಯಾಪ್‌ಟಾಪ್ ಎದೆಗವಚಿಕೊಂಡು ರಸ್ತೆ ದಾಟಿ ಓಡಿಬಂದ. ಅವನೂ ಬೀಗವನ್ನೇ ಮಾರುವವನು, ಡಬಲ್ ಲಾಕ್‌ನ ಖಾಯಂ ಎದುರಾಳಿ.

"ಏನ್ ಸಾರ್, ಸೈಟ್ ಕೆಟ್ಟುಹೋದ್ರೂ ಸುಮ್ನೆ ಕೂತಿದ್ದೀರಲ್ಲ! ರಿಪೇರಿಯವರಿಗೆ ಹೇಳಿದ್ದೀನಿ, ದಾರೀಲಿದ್ದಾರೆ. ಸಂಜೆ ಒಳಗೆ ಸರಿಯಾಗ್ಲೇಬೇಕು!"

ಡಬಲ್ ಲಾಕ್ ಕಣ್ಣು ಕಿರಿದಾಗಿಸಿದ. ಎದುರಾಳಿಗೆ ಇವನ ಸೈಟ್‌ಗಾಗಿ ಇಷ್ಟೊಂದು ಕರುಳು ಚುರುಕ್ ಎನ್ನುವುದೇ? ಕಳ್ಳ ಸಿಕ್ಕಿದ ಎಂದೇ ಅವನಿಗೆ ಖಾತ್ರಿಯಾಯಿತು.

ರಿಪೇರಿಯ ಹೆಂಗಸು ಬಂದು ನೋಡಿ ಆಕಳಿಸಿದಳು. "ನಿಮ್ಮ ಮೇಲಿನ ದ್ವೇಷಕ್ಕೆ ಯಾರೂ ಮಾಡಿಲ್ಲ. ವರ್ಷಗಟ್ಟಲೆ ಯಾರೂ ನೋಡ್ಕೊಂಡಿಲ್ಲ, ಸೈಟ್ ಬಾಗಿಲು ತೆಗೆದ ಹಾಗೇ ಇತ್ತು. ದಾರೀಲಿ ಹೋಗೋರು ನುಗ್ಗಿದ್ದಾರೆ. ಪಾಸ್‌ವರ್ಡ್ ಹಾಕಿ."

ಬಾಗಿಲು ತೆಗೆದಿತ್ತೆಂದು ಬೀಗದವನಿಗೇ ಹೇಳುವುದೇ! ಡಬಲ್ ಲಾಕ್ ಹಲ್ಲು ಕಚ್ಚಿ ಎಲ್ಲರನ್ನೂ ಗೋಡೆಗೆ ಮುಖಮಾಡಿ ನಿಲ್ಲಿಸಿದ. ಶಿಕ್ಷೆಗೊಳಗಾದ ಶಾಲಾಮಕ್ಕಳಂತೆ ಎಲ್ಲರೂ ನಿಂತರು. ಅವನು ಒಂದೊಂದೇ ಅಕ್ಷರ ಒತ್ತುತ್ತ ಹೋದ. ತಪ್ಪು. ಇನ್ನೊಮ್ಮೆ ಒತ್ತಿದ, ಮತ್ತೂ ತಪ್ಪು.

"ಸಾರ್, ಈ ಸಲ ಕೊನೇ ಒಂಬತ್ತು ಬಿಟ್ಬಿಟ್ರಿ," ಎಂದ ಟೈಲರ್ ಗೋಡೆ ನೋಡುತ್ತಲೇ. "ಒತ್ತೋದನ್ನೆಲ್ಲ ಬಾಯ್ಬಿಟ್ಟೇ ಹೇಳ್ತಿದ್ದೀರಲ್ಲ."

ಸಂಜೆಯ ಹೊತ್ತಿಗೆ ವಿಗ್ಗುಗಳು ಹೋಗಿ ಹಳೆಯ ಸೈಟ್ ಇದ್ದಂತೆಯೇ ಮರಳಿ ಬಂತು. "ಇದ್ರಲ್ಲಿ ಎಲ್ಲಾ ತುಂಬ ಹಳೇದು. ಒಂದ್ಸಲ ಓದಿ ನೋಡಿ, ಬದಲಾಯಿಸೋದು ಇದ್ರೆ ಬದಲಾಯಿಸೋಣ," ಎಂದಳು ರಿಪೇರಿಯ ಹೆಂಗಸು.

"ಒಂದಕ್ಷರ ಮುಟ್ಟಬೇಡಿ!" ಎಂದು ಡಬಲ್ ಲಾಕ್ ಅವಳನ್ನು ಸಾಗಹಾಕಿದ. ಉಳಿದವರನ್ನೂ ಹೊರಗೆ ಕಳಿಸಿ, ಫೋನನ್ನು ಮುಂದಿಟ್ಟುಕೊಂಡು ಕೂತ. ಅದು ತುಟಿಪಿಟಕ್ ಅನ್ನಲಿಲ್ಲ. ಕತ್ತಲಾಗುತ್ತ ಬಂದಾಗ ತಡೆಯಲಾರದೆ ಹೆಂಡತಿಗೇ ಫೋನ್ ಮಾಡಿದ.

"ಅವಳು ಆಗಲೇ ಆರ್ಡರ್ ಕೊಟ್ಟಾಯ್ತಲ್ಲ!" ಎಂದಳು ಹೆಂಡತಿ. "ಸೈಟ್‌ನಲ್ಲಿದ್ದ ನಂಬರಿಗೇ ಮಾಡಿದ್ಲಂತೆ. ನೀವು ಎಷ್ಟು ನಯವಾಗಿ ಮಾತಾಡಿದ್ರಿ ಅಂತ ಹೊಗಳಿದ್ದೇ ಹೊಗಳಿದ್ದು. ನಂಗೇ ಅನುಮಾನ ಬಂತು."

ಡಬಲ್ ಲಾಕ್ ಸೈಟ್ ತೆರೆದು ಕೆಳಗಿನ ನಂಬರ್ ಓದಿದ. ಅದು ಅವನ ಹಳೆಯ ಅಂಗಡಿಯ ಲ್ಯಾಂಡ್‌ಲೈನ್ ನಂಬರು. ಕಟ್ಟಡದ ಮಾಲೀಕನ ಮೇಲೆ ಅನುಮಾನ ಬಂದು ಅವನು ಆ ಅಂಗಡಿ ಬಿಟ್ಟು ರಸ್ತೆಯ ಈಚೆ ಬಂದು ವರ್ಷಗಳಾಗಿದ್ದವು. ಫೋನು ಮಾತ್ರ ಅಂಗಡಿಯ ಜೊತೆಗೇ ಅಲ್ಲೇ ಉಳಿದಿತ್ತು, ಈಗಿನ ಎದುರಂಗಡಿಯಲ್ಲಿ.

ಬಾಗಿಲಲ್ಲಿ ಎದುರಂಗಡಿಯವನು ನಿಂತಿದ್ದ, ಮುಖ ತುಂಬ ನಗು.

"ದಯವಿಟ್ಟು ಆ ಹೆಂಗಸಿಗೆ ತಿಂಗಳು ತಿಂಗಳೂ ಸೈಟ್ ನೋಡ್ಕೊಳ್ಳೋಕೆ ಹೇಳಿಬಿಡಿ ಸಾರ್," ಎಂದ. "ಇವತ್ತು ಬೆಳಿಗ್ಗೆಯಿಂದ ನಮ್ಮಂಗಡಿಗೆ ಒಂದೇ ಒಂದು ಫೋನೂ ಬಂದಿರಲಿಲ್ಲ, ಪ್ರಾಣವೇ ಹೋದಂಗಾಗಿತ್ತು!"