ಎರಡು ನಿಂಬೆಹಣ್ಣಿನ ನಡುವೆ

ನಮ್ಮ ಭಾವನವರ ಪ್ರಕಾರ ಈ ಲೋಕದಲ್ಲಿರೋದು ಎರಡೇ ಜಾತಿ. ಒಂದು ಪ್ಲಸ್ಸು, ಇನ್ನೊಂದು ಮೈನಸ್ಸು. ಮಿಕ್ಕ ಭೇದಗಳೆಲ್ಲ ಆಮೇಲೆ. ನಾನು ಯಾವ ಜಾತಿ ಅಂತ ಅವರು ಇದುವರೆಗೂ ಬಾಯಿಬಿಟ್ಟು ಹೇಳಿಲ್ಲ. ಆದರೆ ನಾನು ಅಡುಗೆಮನೆಯಿಂದ ಈಚೆ ಬಂದರೆ ಅವರು ಎದ್ದು ಜಗಲಿಗೆ ಹೋಗುತ್ತಾರೆ. ಇಬ್ಬರದೂ ಒಂದೇ ಜಾತಿ ಇರಬೇಕು.

ಭಾವ ಅಂದರೆ ನಮ್ಮ ಯಜಮಾನರ ಅಣ್ಣ. ಎಚ್.ಡಿ. ಕೋಟೆಯಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟು ರಿಟೈರಾದವರು. ಮದುವೆಯಾಗಲಿಲ್ಲ. ಹುಣಸೂರಿನ ನಮ್ಮ ಮನೆಗೆ ಒಂದು ಟ್ರಂಕು, ಒಂದು ಡಬ್ಬಿ ಸೀಮೆಸುಣ್ಣ ತಂದರು. ಟ್ರಂಕಿಗೆ ನಾನು ಜಾಗ ಕೊಟ್ಟೆ. ಸೀಮೆಸುಣ್ಣ ತಾನೇ ಜಾಗ ಹುಡುಕಿಕೊಂಡಿತು. ಫ್ರಿಜ್ಜಿನ ಬಾಗಿಲು, ಅಕ್ಕಿ ಡ್ರಮ್ಮು, ಬಟ್ಟೆ ಒಗೆಯೋ ಕಲ್ಲು, ಯಾವುದನ್ನೂ ಬಿಡಲಿಲ್ಲ. ದೇವರಮನೆ ಬಾಗಿಲ ಮೇಲೆ ಮಾತ್ರ ಬರೆದಿಲ್ಲ. ತಾಯಿ ಅಷ್ಟಾದರೂ ಕಾಪಾಡಿದ್ದಾಳೆ.

ಈ ವರ್ಷ ನನ್ನ ಮಗಳು ಪಿಯುಸಿಯಲ್ಲಿ ಭೌತಶಾಸ್ತ್ರ ಒಂದರಲ್ಲೇ ಫೇಲಾದಳು. ಅವಳಿಗೆ ನರ್ಸಿಂಗ್ ಓದೋ ಆಸೆ. ಅವರಪ್ಪ, "ಇನ್ನೊಂದು ಸಲ ಬರೀಲಿ. ಆಗಲೂ ಆಗ್ಲಿಲ್ಲ ಅಂದ್ರೆ ಪಿರಿಯಾಪಟ್ಟಣದ ಆ ಗಂಡಿನ ಮನೆಯೋರಿಗೆ ಬನ್ನಿ ಅಂತೀನಿ" ಅಂದುಬಿಟ್ಟರು. ಮಾರ್ಕ್ಸ್ ಕಡಿಮೆಯಾದರೆ ಮದುವೆಯಂತೆ. ಇದ್ಯಾವ ಸೀಮೆ ನ್ಯಾಯ?

ಭಾವ ಉತ್ತರಪತ್ರಿಕೆಯ ನಕಲು ತರಿಸಿ ನೋಡಿದರು. ಒಂದು ಪ್ಲಸ್ ಚಾರ್ಜು, ಅಷ್ಟೇ ಅಳತೆಯ ಒಂದು ಮೈನಸ್ ಚಾರ್ಜು, ಎರಡರ ಸರಿಮಧ್ಯೆ ವಿದ್ಯುತ್ ಕ್ಷೇತ್ರ ಎಷ್ಟು ಅಂತ ಪ್ರಶ್ನೆ. ಮಗಳು ಸೊನ್ನೆ ಅಂತ ಬರೆದಿದ್ದಳು.

"ಯಾಕವ್ವ ಸೊನ್ನೆ?"

"ಪ್ಲಸ್ಸಿಗೂ ಮೈನಸ್ಸಿಗೂ ವಜಾ ಆಯ್ತಲ್ಲ ದೊಡ್ಡಪ್ಪ."

"ಕೆಸರಲ್ಲಿ ಒಂದು ಆಟೋ ಸಿಕ್ಕಾಕೊಂಡದೆ ಅಂತಿಟ್ಕೊ. ಹಿಂದ್ಲಿಂದ ಒಬ್ಬ ತಳ್ತಾನೆ, ಮುಂದ್ಲಿಂದ ಒಬ್ಬ ಎಳೀತಾನೆ. ಇಬ್ಬರದೂ ವಜಾ ಆಗಿ ಆಟೋ ಅಲ್ಲೇ ನಿಂತೋಯ್ತದಾ?"

"ಇಲ್ಲ, ಬೇಗ ಬತ್ತದೆ."

"ಅಷ್ಟೇ ಕಣವ್ವ. ನಡುವೆ ಒಂದು ಚಿಕ್ಕ ಪ್ಲಸ್ಸು ಇಟ್ರೆ ಅದನ್ನ ಈ ಪ್ಲಸ್ಸು ತಳ್ತದೆ, ಮೈನಸ್ಸು ಎಳ್ಕತದೆ. ಎರಡು ಬಾಣಾನೂ ಒಂದೇ ಕಡೆಗೆ, ಮೈನಸ್ಸಿನ ಕಡೆಗೆ, ಅದಕ್ಕೇ ಕೂಡಬೇಕು. ಎರಡೂ ಪ್ಲಸ್ಸಾಗಿದ್ರೆ ಎದುರುಬದುರು ನಿಂತು ತಳ್ದಂಗೆ, ಆಗ ಸೊನ್ನೆ. ಮೊದಲು ಬಾಣ, ಆಮೇಲೆ ಅಂಕಿ."

ಇಷ್ಟಕ್ಕೇ ಮುಗಿಸಿದ್ದರೆ ನಾನೇ ಅವರಿಗೆ ಪಾಯಸ ಮಾಡಿ ಹಾಕುತ್ತಿದ್ದೆ. ಮುಗಿಸಿದರೆ ಅವರು ನಮ್ಮ ಭಾವ ಹೇಗಾದಾರು?

ಮಾರನೇ ದಿನ ಶುಕ್ರವಾರ. ಬಾಗಿಲಿಗೆ ಚುಕ್ಕಿ ಇಟ್ಟು, ಹೂ ಕಿತ್ತುಕೊಂಡು ಬರೋಣ ಅಂತ ಹಿತ್ತಲಿಗೆ ಹೋಗಿದ್ದೆ. ಬಂದು ನೋಡಿದರೆ ಒಂದೊಂದು ಚುಕ್ಕಿಯ ಪಕ್ಕಕ್ಕೂ ಪ್ಲಸ್ಸು, ಮೈನಸ್ಸು. ನಡುನಡುವೆ ಬಾಣಗಳು. "ಚುಕ್ಕಿ ಸುಮ್ನೆ ಬಿದ್ದಿದ್ವಲ್ಲಮ್ಮ" ಅಂದರು. ಬಾಣಗಳೆಲ್ಲ ಬೀದಿ ಕಡೆಗೆ. ಒಳಗೆ ಬರಬೇಕಾದ ಲಕ್ಷ್ಮಿಗೆ ದಾರಿ ತೋರಿಸಿ ಹೊರಗೆ ಕಳಿಸಿದಂಗಿತ್ತು.

ಆಮೇಲೆ ಊಟದ ಸರದಿ. ಬಿಸಿಬಿಸಿ ಮುದ್ದೆ ಬಡಿಸಿದರೆ ತಮ್ಮದು ಪ್ಲಸ್ಸು, ಮಗಳದು ಮೈನಸ್ಸು ಅಂದು, ಸಾರಿನಲ್ಲಿ ಬೆರಳದ್ದಿ ಬಾಣ ಎಳೆದರು. ಪಾಠ ಮುಗಿಯೋ ಹೊತ್ತಿಗೆ ಮುದ್ದೆ ಕಲ್ಲಾಗಿತ್ತು. ಅನ್ನಪೂರ್ಣೆ ಮುಂದೆ ಕುಳಿತು ಮಾಡೋ ಕೆಲಸವಾ ಇದು? ಮಗಳು ಮೂರು ಲೆಕ್ಕ ಸರಿ ಮಾಡಿದ್ದಳು, ಅದೊಂದೇ ಸಮಾಧಾನ.

ಆದರೆ ಅಮಾವಾಸ್ಯೆ ದಿನ ಮಾಡಿದ್ದನ್ನು ಹೇಗೆ ಸಹಿಸಲಿ? ಬೆಳಿಗ್ಗೆ ಬಾಗಿಲಿಗೆ ನೀರು ಹಾಕೋಣ ಅಂತ ಬಂದರೆ, ನಮ್ಮ ಮನೆ ಮುಂದಿನ ಸಿಮೆಂಟು ನೆಲದ ಮೇಲೆ ಎರಡು ನಿಂಬೆಹಣ್ಣು. ಒಂದಕ್ಕೆ ಕುಂಕುಮ, ಒಂದಕ್ಕೆ ಅರಿಶಿನ. ನಡುವೆ ಒಂದು ಕರಿಮೆಣಸು. ಸುತ್ತ ರಂಗೋಲಿ ಪುಡಿಯಲ್ಲಿ ಗೆರೆ, ಬಾಣ, ಏನೇನೋ ಅಕ್ಷರ. ಹಾಲಿನವನು ದಾಟಲಾರದೆ ಪ್ಯಾಕೆಟ್ಟನ್ನು ಬೀದಿಯಲ್ಲೇ ಇಟ್ಟು ಗಾಡಿ ತಿರುಗಿಸಿಕೊಂಡು ಹೋಗಿದ್ದ. ಎದುರುಮನೆ ನಿಂಗಮ್ಮಕ್ಕ ಮೊಮ್ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು.

"ಯಾರ್ಗವ್ವ ಮಾಡ್ಸಿದ್ದೀಯಾ ಇದ್ನ?"

ಅಷ್ಟರಲ್ಲಿ ಭಾವ ಕನ್ನಡಕ ಒರೆಸಿಕೊಂಡು ಹೊರಗೆ ಬಂದರು. "ಮಾಟ ಅಲ್ಲ ನಿಂಗಮ್ನೋರೆ, ಇದು ವಿದ್ಯುತ್ ಕ್ಷೇತ್ರ. ಕುಂಕುಮದ್ದು ಪ್ಲಸ್ಸು, ಅರಿಶಿನದ್ದು ಮೈನಸ್ಸು."

"ಅಯ್ಯೋ ಶಿವನೆ, ಕರೆಂಟ್ ಬೇರೆ ಬುಟ್ಟಿದ್ದೀರಾ ಇದ್ಕೆ!"

ದೂರ ಎರಡರಷ್ಟಾದರೆ ಚಾರ್ಜಿನ ಪ್ರಭಾವ ಕಾಲುಭಾಗಕ್ಕೆ ಇಳಿಯುತ್ತದೆ ಅಂತ ಭಾವ ಮಗಳಿಗೆ ಹೇಳಿಕೊಡುತ್ತಿದ್ದರು. ನಿಂಗಮ್ಮಕ್ಕನ ಬಾಯಿಗೆ ಆ ನಿಯಮವಿಲ್ಲ. ನಮ್ಮ ಬೀದಿಯಲ್ಲಿ ನಿಂಬೆಹಣ್ಣಾಗಿದ್ದದ್ದು ಬಸ್ ಸ್ಟ್ಯಾಂಡ್ ಮುಟ್ಟೋ ಹೊತ್ತಿಗೆ ಕೋಳಿಯಾಗಿತ್ತು, ಕೆ.ಆರ್. ನಗರದಿಂದ ನನ್ನ ಅಕ್ಕ ಫೋನ್ ಮಾಡೋ ಹೊತ್ತಿಗೆ ಕುರಿ.

ಅವತ್ತು ಭಾವ ಅಂತಲೂ ನೋಡಲಿಲ್ಲ. "ಇಪ್ಪತ್ತು ವರ್ಷದಿಂದ ಈ ಬೀದೀಲಿ ಮರ್ಯಾದೆಯಿಂದ ದೀಪ ಹಚ್ಕೊಂಡು ಬಂದಿದ್ದೀನಿ. ನನ್ನನ್ನ ಮಾಟಗಾತಿ ಮಾಡಿಬುಟ್ರಲ್ಲ. ದೇವರಂತೂ ಬ್ಯಾಡ ನಿಮಗೆ, ದೇವರ ಸಾಮಾನು ಮಾತ್ರ ಬೇಕಾ?" ಅಂದೆ. ನಮ್ಮ ಮನೆಗೆ ಬಂದ ಈ ಹನ್ನೊಂದು ವರ್ಷದಲ್ಲಿ ಅವರು ಒಂದು ಗುಡಿಯೊಳಕ್ಕೂ ಕಾಲಿಟ್ಟವರಲ್ಲ. ನಾವು ಒಳಗೆ ಹೋದರೆ ಹೊರಗೆ ಚಪ್ಪಲಿ ಕಾಯುತ್ತಾ ನಿಲ್ಲೋರು. ಭಾವ ಬಗ್ಗಿ ಎರಡು ಹಣ್ಣನ್ನೂ ಎತ್ತಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಎರಡು ದಿನ ಪಾಠ ನಿಂತಿತು. ಮನೆಯ ಯಾವ ಗೋಡೆಯ ಮೇಲೂ ಬಾಣವಿಲ್ಲ. ಮೂರನೇ ದಿನ ಮಗಳು ಲೆಕ್ಕ ಮಾಡುತ್ತಾ ಅಳುತ್ತಿದ್ದಳು. ಇಣುಕಿ ನೋಡಿದೆ. ಉತ್ತರದ ಜಾಗದಲ್ಲಿ ಮತ್ತೆ ಸೊನ್ನೆ. ನನ್ನ ಕೋಪ ಇಳಿದಿರಲಿಲ್ಲ. ಆದರೂ ಎರಡು ನಿಂಬೆಹಣ್ಣು ತಂದು ಭಾವನವರ ಮೇಜಿನ ಮೇಲೆ ಟಕ್ಕನೆ ಇಟ್ಟೆ. "ಮನೆ ಒಳಗೇ ಮಾಡಿ" ಅಂದೆ. ಅಷ್ಟೇ.

ಪರೀಕ್ಷೆ ದಿನ ಮಗಳನ್ನು ಕಾಲೇಜಿಗೆ ಬಿಟ್ಟು, ದೀಪ ಹಚ್ಚೋಣ ಅಂತ ಹೊಳೆ ಕಡೆ ಮಾರಮ್ಮನ ಗುಡಿಗೆ ಹೋದೆ. ಹೊರಗೆ ಗೊತ್ತಿರೋ ಚಪ್ಪಲಿ ಕಂಡಿತು. ಕಾಯೋರು ಮಾತ್ರ ಯಾರೂ ಇರಲಿಲ್ಲ. ಭಾವ ಒಳಗೆ ಮಂಡಿಯೂರಿ ಕುಳಿತಿದ್ದರು. ತಾಯಿಯ ಪಾದದ ಹತ್ತಿರ ಎರಡು ನಿಂಬೆಹಣ್ಣು, ಅವುಗಳ ನಡುವೆ ಮಗಳ ಹಾಲ್ ಟಿಕೆಟ್ಟಿನ ಜೆರಾಕ್ಸು. ನಾನು ಬಂದದ್ದೇ ಅವರಿಗೆ ಗೊತ್ತಾಗಲಿಲ್ಲ.

ಅಲ್ಲೂ ನನಗೆ ಸಿಟ್ಟೇ ಬಂತು. ನೋಡಿ, ಎರಡು ಹಣ್ಣಿಗೂ ಕುಂಕುಮ.

"ಭಾವ, ಎರಡೂ ಪ್ಲಸ್ಸು ಮಾಡಿದ್ದೀರಿ. ಮಧ್ಯೆ ಸೊನ್ನೆ ಆಯ್ತದಲ್ಲ?"

ಅವರು ಬೆಚ್ಚಿ ನನ್ನನ್ನು ನೋಡಿದರು, ಆಮೇಲೆ ಹಣ್ಣುಗಳನ್ನು. "ಹೌದಲ್ಲಮ್ಮ" ಅಂದರು ಮೆಲ್ಲಗೆ. ಕರ್ಚೀಫು ತೆಗೆದು ಒಂದರ ಕುಂಕುಮ ಒರೆಸಿದರು. ನಾನು ಪೂಜೆ ತಟ್ಟೆಯಿಂದ ಒಂದು ಚಿಟಿಕೆ ಅರಿಶಿನ ತೆಗೆದು ಅವರ ಅಂಗೈಗೆ ಹಾಕಿದೆ.

ಅರಿಶಿನ ಹಚ್ಚಿದ ಮೇಲೂ ಅವರಿಗೆ ಸಮಾಧಾನವಾಗಲಿಲ್ಲ. ಬಾಗಿಲಾಚೆ ಒಂದು ಸಲ ನೋಡಿ ದಿಕ್ಕು ಗೊತ್ತು ಮಾಡಿಕೊಂಡು, ಎರಡು ಹಣ್ಣನ್ನೂ ಸ್ವಲ್ಪ ಸರಿಸಿಟ್ಟರು. ಪ್ಲಸ್ಸು ಈ ಕಡೆ, ಮೈನಸ್ಸು ಆ ಕಡೆ, ಬಾಣ ಆ ಕಡೆಗೆ. ಮಗಳು ಪರೀಕ್ಷೆ ಬರೆಯುತ್ತಿದ್ದ ಕಾಲೇಜು ಆ ಕಡೆಗಿತ್ತು.