ಸೋತವರು ಬೇಕಾಗಿದ್ದಾರೆ

ಎಲ್ಲ ರಗಳೆಗೂ ಮೂಲ ಅಧ್ಯಕ್ಷೆ ಎಲ್ಲೋ ಓದಿದ ಒಂದು ಲೇಖನ. ಗೆದ್ದವರಿಂದ ಕಲಿಯುವುದು ಕಡಿಮೆ, ಸೋತವರಿಂದಲೇ ಹೆಚ್ಚು ಎಂದು ಅದರಲ್ಲಿ ಇತ್ತಂತೆ. ವಿಶ್ವವಿದ್ಯಾಲಯದ ಉದ್ಯಮಾಸಕ್ತ ವಿದ್ಯಾರ್ಥಿಗಳ ಸಂಘಕ್ಕೆ ಅಂದು ಸಂಜೆ ನಾಲ್ಕಕ್ಕೆ ಬರಬೇಕಿದ್ದ ದೊಡ್ಡ ಉದ್ಯಮಿ ಬೆಳಿಗ್ಗೆಯೇ ಕೈಕೊಟ್ಟಿದ್ದರು. ಅಧ್ಯಕ್ಷೆ ಕಾರ್ಯದರ್ಶಿಯನ್ನು ಸಂಘದ ಕೋಣೆಗೆ ಕರೆದಳು.

“ಒಳ್ಳೇದೇ ಆಯ್ತು ಬಿಡು. ಬಿಸಿನೆಸ್ ಮಾಡಿ ಸೋತಿರೋರು ಒಬ್ರನ್ನ ಕರ್ಕೊಂಡು ಬಾ. ನಿಮ್ಮದು ಬಿಸಿನೆಸ್ ಮನೆತನ, ನಿಂಗೆ ಗೊತ್ತಿರ್ತಾರೆ. ಸಿಗ್ಲಿಲ್ಲ ಅಂದ್ರೆ ಕಾರ್ಯದರ್ಶಿ ಕೆಲಸಕ್ಕೆ ಬೇರೆಯವ್ರನ್ನ ನೋಡ್ತೀನಿ.”

ಕಾರ್ಯದರ್ಶಿ ಪೇಚಿಗೆ ಸಿಕ್ಕಿದ. ಎರಡು ವರ್ಷದ ಹಿಂದೆ ಸಂಘಕ್ಕೆ ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಅವನು ‘ಉದ್ಯಮಿ’ ಎಂದು ಬರೆದಿದ್ದ. ಆ ಒಂದು ಪದದ ದೆಸೆಯಿಂದಲೇ ಅವನಿಗೆ ಈ ಪದವಿ ಸಿಕ್ಕಿದ್ದು. ಅಪ್ಪ ಒಂದು ಕಾಲದಲ್ಲಿ ಉದ್ಯಮಿಯಾಗಿದ್ದದ್ದೇನೋ ನಿಜ. ಕೊಡೆ ರಿಪೇರಿ ಅಂಗಡಿ ಇಟ್ಟರು, ಮುಚ್ಚಿತು. ಸಾಬೂನು ತಯಾರಿಸಿದರು, ಬಂಡವಾಳವೇ ಕರಗಿತು. ಬ್ಯಾಗಿನ ಅಂಗಡಿಯೂ ಅದೇ ದಾರಿ ಹಿಡಿಯಿತು. ಈಗ ಯಾರದೋ ಗೋದಾಮಿನ ಗೇಟು ಕಾಯುತ್ತಾರೆ, ಸಂಜೆ ಐದರಿಂದ. ಅವರನ್ನು ಕರೆದರೆ ಅತಿಥಿ ಸಿಕ್ಕಂತೆಯೂ ಆಗುತ್ತಿತ್ತು, ಸುಳ್ಳು ಸಭೆಯಲ್ಲೇ ಬಯಲಾದಂತೆಯೂ ಆಗುತ್ತಿತ್ತು.

ಮನೆಗೆ ಬಂದು ನೀರು ಕುಡಿಯುತ್ತ ಅವನು ವಿಷಯ ಹೇಳಿದ. ಅಪ್ಪ ಪೇಪರು ಮಡಿಸಿಟ್ಟರು.

“ಯಾರ್ನ ಕೇಳ್ತೀಯ?”

“ನೋಡ್ಬೇಕಪ್ಪ. ಬೀದೀಲಿ ಯಾರಾದ್ರೂ ಸಿಗ್ತಾರೆ.”

ಅಪ್ಪ ಏನೋ ಹೇಳಲು ಬಾಯಿ ತೆರೆದವರು, ಇಸ್ತ್ರಿ ಪೆಟ್ಟಿಗೆ ಎಲ್ಲಿದೆ ಎಂದು ಅಮ್ಮನನ್ನು ಕೇಳಿದರು. ಮಗ ಆಗಲೇ ಚಪ್ಪಲಿ ಮೆಟ್ಟಿ ಹೊರಟಿದ್ದ.

ಮೊದಲು ಹೋದದ್ದು ಕ್ಷೌರದಂಗಡಿಗೆ. ಕುರ್ಚಿಯಲ್ಲಿ ಒಬ್ಬ ಹಿರಿಯರು ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದರು.

“ಅಣ್ಣಾ, ನೀವು ಯಾವತ್ತಾದ್ರೂ ಅಂಗಡಿ ಮುಚ್ಚಿದೀರಾ?” ಎಂದು ಕ್ಷೌರಿಕನನ್ನು ಕೇಳಿದ.

“ವಾರಕ್ಕೊಂದಿನ ಮುಚ್ತೀನಲ್ಲ.”

“ಹಾಗಲ್ಲ. ವ್ಯಾಪಾರ ಆಗ್ದೆ, ಪೂರ್ತಿಯಾಗಿ.”

ಕತ್ತಿ ಗಾಳಿಯಲ್ಲೇ ನಿಂತಿತು. ಹಿರಿಯರು ಕನ್ನಡಿಯಲ್ಲಿ ಕ್ಷೌರಿಕನನ್ನು ಅನುಮಾನದಿಂದ ನೋಡಿ, “ಈ ಇನ್ನೊಂದು ಕೆನ್ನೆ ಮುಗಿಯೋವರೆಗಾದ್ರೂ ಇರ್ತೀಯ ತಾನೇ?” ಎಂದರು.

ಫೋಟೋ ಸ್ಟುಡಿಯೋದವನು ಇನ್ನೂ ಬಿಸಿಯಾದ. “ಸೋತವನು ಅಂತ ನನ್ನ ಬೋರ್ಡ್ ಮೇಲೆ ಬರ್ಕೊಂಡಿದೀನಾ?” ಎಂದು ಕೇಳಿ ಬಾಗಿಲು ತೋರಿಸಿದ. ಅಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆ ಕಾದಿದ್ದ ಮಹಡಿ ಮನೆಯ ಅಜ್ಜಿ ಎಲ್ಲವನ್ನೂ ಕಿವಿ ನಿಮಿರಿಸಿ ಕೇಳಿಸಿಕೊಂಡರು. ಆ ಅಜ್ಜಿಯ ಕಿವಿಗೆ ಬಿದ್ದದ್ದು ಬೀದಿಗೆ ಬಿದ್ದಂತೆಯೇ. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ನಾಲ್ಕು ಅಂಗಡಿ ಮುಚ್ಚುತ್ತವೆ ಎಂದು ಸುದ್ದಿಯಾಯಿತು. ಕಟ್ಟಡದ ಮಾಲೀಕರು ಅಳತೆ ಟೇಪು ಹಿಡಿದು ಬಂದು ಹೊಸ ಬಾಡಿಗೆದಾರನಿಗೆ ಕ್ಷೌರದಂಗಡಿಯ ಅಗಲ ತೋರಿಸತೊಡಗಿದರು. ಯಾರೋ ಪುಣ್ಯಾತ್ಮ ಅಲ್ಲಿನ ದೊಡ್ಡ ಕನ್ನಡಿಯನ್ನು ಅಗ್ಗಕ್ಕೆ ಕೇಳಿಕೊಂಡು ಬಂದ.

ಮೂರು ಗಂಟೆಗೆ ಕ್ಷೌರಿಕನೂ ಸ್ಟುಡಿಯೋದವನೂ ಸೇರಿ ಕಾರ್ಯದರ್ಶಿಯನ್ನು ಟೈಲರ್ ಅಂಗಡಿಯ ಮುಂದೆ ಹಿಡಿದು ನಿಲ್ಲಿಸಿದರು. ಟೈಲರ್ ಅಡ್ಡ ಬಂದ.

“ಬಿಡ್ರಪ್ಪ ಅವನ್ನ. ನನ್ನ ಅಂಗಡೀನೂ ಮುಚ್ಚುತ್ತೆ ಅಂತ ಹೊಲಿಯೋಕೆ ಕೊಟ್ಟ ಬಟ್ಟೆ ಎಲ್ಲಾ ವಾಪಸ್ ಒಯ್ತಿದಾರೆ. ನಾನೇ ಇವನ ಸಭೆಗೆ ಹೋಗಿ ಮೈಕಲ್ಲಿ ನಿಜ ಹೇಳಿ ಬರ್ತೀನಿ.” ಆಮೇಲೆ ದನಿ ತಗ್ಗಿಸಿ, “ಅಲ್ಲ ಕಣೋ, ನಿಮ್ಮಪ್ಪನ್ನ ಯಾಕೆ ಕೇಳ್ಲಿಲ್ಲ?” ಎಂದ.

“ಅಪ್ಪ ಬಿಜಿ, ಮಾಮ,” ಎಂದ ಕಾರ್ಯದರ್ಶಿ, ಚಪ್ಪಲಿ ನೋಡಿಕೊಳ್ಳುತ್ತ.

ನಾಲ್ಕಕ್ಕೆ ಸಭಾಂಗಣ ತುಂಬಿತ್ತು. ಟೈಲರ್ ಕೊರಳಿನ ಟೇಪನ್ನು ತೆಗೆಯುವುದನ್ನೂ ಮರೆತು ಮೈಕಿನ ಮುಂದೆ ನಿಂತ. ತನ್ನ ಅಂಗಡಿ ಮುಚ್ಚುವುದಿಲ್ಲ, ಕೋಟು ನಾಲ್ಕೇ ದಿನದಲ್ಲಿ ಕೊಡುವೆ ಎಂದು ಮೊದಲು ಸಾರಿದ. ವಿದ್ಯಾರ್ಥಿಗಳು ನಕ್ಕರು. ಆಮೇಲೆ ಅವನು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ.

“ನಾನು ಸೋತಿಲ್ಲ ನಿಜ. ಆದ್ರೆ ಸೋಲದ ಹಾಗೆ ನೋಡ್ಕೊಂಡವರು ಒಬ್ರಿದಾರೆ. ನಾನು ಮಷಿನ್ ತರೋ ಮುಂಚೆ ಅವ್ರು ಬಂದು ಇಡೀ ದಿನ ಕೂತು, ತಮ್ಮ ಮೂರು ವ್ಯಾಪಾರ ಯಾಕೆ ಮುಳುಗಿದ್ವು ಅಂತ ಒಂದೊಂದಾಗಿ ಹೇಳಿದ್ರು. ಕ್ಷೌರದವನಿಗೂ ಹೇಳಿದ್ರು, ಸ್ಟುಡಿಯೋದವನಿಗೂ ಹೇಳಿದ್ರು. ನಮ್ಮ ಬೀದಿಯ ಅಂಗಡಿಗಳೆಲ್ಲ ನಿಂತಿರೋದು ಅವ್ರ ಸೋಲಿನ ಮೇಲೆ. ಅವ್ರು ಈ ಹುಡುಗನ ಅಪ್ಪ. ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ನಂತೆ, ಹಾಗಾಯ್ತು ಇವನ ಕತೆ.”

ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷೆ ತಟ್ಟಲಿಲ್ಲ. “ಅರ್ಜೀಲಿ ಬೇರೆ ಏನೋ ಬರ್ದಿದ್ದೆ ಅಲ್ವಾ?” ಎಂದಳು ಮೆಲ್ಲಗೆ. “ಇರ್ಲಿ. ಅವ್ರನ್ನ ಕರ್ಕೊಂಡು ಬಾ. ಕಾಯ್ತೀವಿ.”

ಅವನು ಮನೆಗೆ ಓಡಿದ. ನಾಚಿಕೆಯೂ ಇತ್ತು, ಅದರ ಹಿಂದೆಯೇ ಎಂಥದೋ ಹಗುರವೂ ಇತ್ತು. ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲ.

ಅಪ್ಪ ನೀಲಿ ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಿದ್ದರು. ಬಾಗಿಲ ಹಿಂದಿನ ಮೊಳೆಗೆ ಅವರ ಬಿಳಿ ಶರಟು ಗರಿಗರಿಯಾಗಿ ಇಸ್ತ್ರಿಯಾಗಿ ತೂಗಿತ್ತು.

“ಅಪ್ಪಾ, ಬನ್ನಿ. ಎಲ್ಲಾ ಕಾಯ್ತಿದಾರೆ.”

“ಈಗ ಆಗಲ್ಲ ಮಗಾ. ಬೆಳಿಗ್ಗೆ ರಜಾ ಹೇಳಿದ್ದೆ. ಮೂರು ಗಂಟೆಗೆ ನಿಂಗೆ ಟೈಲರ್ ಸಿಕ್ಕ ಅಂತ ಗೊತ್ತಾದ್ಮೇಲೆ ಫೋನ್ ಮಾಡಿ, ಬರ್ತೀನಿ ಅಂದ್ಬಿಟ್ಟೆ. ನನ್ನ ಬದಲಿಗೆ ಬರ್ಬೇಕಿದ್ದವನಿಗೆ ಆಗ್ಲೇ ಬೇಡ ಅಂದಿದಾರೆ.”

“ರಜಾ ಯಾಕೆ?”

“ನೀನು ಒಂದೊಂದೇ ಅಂಗಡಿ ಕೇಳ್ತಾ ಬರ್ತಿದೀಯ ಅಂತ ಅಜ್ಜಿ ಹೇಳ್ತಾನೇ ಇದ್ರು. ಎಲ್ಲಾ ಮುಗಿಸ್ಕೊಂಡು ಕೊನೆಗೆ ಮನೆಗೆ ಬರ್ತೀಯ ಅಂದ್ಕೊಂಡೆ.”

“ನೀವೇ ಒಂದು ಮಾತು ಹೇಳ್ಬಹುದಿತ್ತಲ್ಲಪ್ಪ.”

“ಹೇಗೆ ಹೇಳ್ಲಿ? ನೀನು ಉದ್ಯಮಿ ಅಂತ ಬರ್ದಿದ್ದ ಅರ್ಜಿ ಕೆಳಗೆ ಸಹಿ ಹಾಕಿದ್ದು ನಾನೇ. ಅವತ್ತೇ ಓದಿದ್ದೆ.” ಅಪ್ಪ ಟೋಪಿ ತೆಗೆದುಕೊಂಡರು. ಹೊಸ್ತಿಲಲ್ಲಿ ಅವನ ಹೆಗಲು ತಟ್ಟಿ, ಸೈಕಲ್ ಹತ್ತಿ ಹೋದರು.

ಅವನು ಮರಳಿದಾಗ ಸಭಾಂಗಣ ಬಹುಪಾಲು ಖಾಲಿಯಾಗಿತ್ತು. ಉಳಿದವರು ಸಾಲಾಗಿ ನಿಂತಿದ್ದರು, ಟೈಲರ್ ಸಂಘದ ಸದಸ್ಯರಿಗೆಲ್ಲ ಕೋಟಿನ ಅಳತೆ ತೆಗೆಯುತ್ತಿದ್ದ. ಬಂದವರಲ್ಲಿ ಆ ದಿನ ಉದ್ಯಮ ನಡೆದದ್ದು ಅವನೊಬ್ಬನದೇ.

“ಬರ್ಲಿಲ್ವಾ?” ಎಂದಳು ಅಧ್ಯಕ್ಷೆ.

“ಡ್ಯೂಟಿಗೆ ಹೋದ್ರು. ಗೋದಾಮಲ್ಲಿ ಗೇಟು ಕಾಯ್ತಾರೆ.”

ಅಷ್ಟು ಹೇಳಲು ಅವನಿಗೆ ಎರಡು ವರ್ಷ ಹಿಡಿದಿತ್ತು. ಅಧ್ಯಕ್ಷೆ ಬಯ್ಯಲಿಲ್ಲ. ಕಾರ್ಯದರ್ಶಿಯ ಬಳಿಯಿದ್ದ ಸಂಘದ ಕೋಣೆಯ ಬೀಗದ ಕೈ ಈಸಿಕೊಂಡು, ಸಂಘದಲ್ಲಿ ಇರಬೇಕೆಂದಿದ್ದರೆ ಹೊಸದಾಗಿ ಬರೆದುಕೊಡು ಎಂದು ಒಂದು ಖಾಲಿ ಅರ್ಜಿ ಕೊಟ್ಟಳು. ಅವನು ಅಲ್ಲೇ ಕೂತು ತಂದೆಯ ಉದ್ಯೋಗದ ಮುಂದೆ ‘ಕಾವಲುಗಾರ’ ಎಂದು ನೆಟ್ಟಗೆ ಬರೆದ. ಕೆಳಗೆ ತಂದೆಯ ಸಹಿಗೆಂದು ಬಿಟ್ಟ ಜಾಗವಿತ್ತು. ಈ ಸಲವೂ ಅದನ್ನು ಅಪ್ಪನ ಮುಂದೆ ಹಿಡಿಯಬೇಕಾಗಿತ್ತು.