ಜೀಪಿನ ಸೀಟು ಎತ್ತ ತಿರುಗಬೇಕು?

ಜೀಪು ಇಟ್ಟುಕೊಂಡವನ ಬಾಯಿ, ಜೀಪಿನ ಬಾನೆಟ್ಟು, ಎರಡೂ ಮುಚ್ಚಿರುವುದು ಅಪರೂಪ. ಒಂದು ತೆರೆದರೆ ಇನ್ನೊಂದು ತಾನಾಗಿ ತೆರೆಯುತ್ತದೆ, ಸುತ್ತ ನಾಲ್ಕು ಜನ ಸೇರುತ್ತಾರೆ, ಆಮೇಲೆ ನಗುವಂಥದ್ದು ಏನಾದರೊಂದು ಆಗಿಯೇ ತೀರುತ್ತದೆ. ನನ್ನ ವಿಷಯದಲ್ಲಂತೂ ಇದು ವರ್ಷಗಟ್ಟಲೆ ನಡೆಯಿತು.

ನಮ್ಮ ಮನೆ ಡೊಂಬಿವಲಿಯಲ್ಲಿ, ನನ್ನ ಕೆಲಸ ಬೇಲಾಪುರದ ಒಂದು ಕಚೇರಿಯಲ್ಲಿ. ಎರಡು ಸಾವಿರದ ಹತ್ತು ದಾಟಿದ ಮೇಲಿನ ಮಾತು. ಆಸೆಪಟ್ಟು ಒಂದು ಜೀಪು ಕೊಂಡೆ. ಮೇಲೆ ಕ್ಯಾನ್ವಾಸ್ ಹೊದಿಕೆ, ನಾಲ್ಕೂ ಚಕ್ರಕ್ಕೆ ಶಕ್ತಿ, ಹಿಂದೆ ಎದುರುಬದುರಾಗಿ ಎರಡು ಬೆಂಚು. ಮುಂದಿನ ಸೀಟು ಮೊಣಕಾಲು ನೋವಿನ ಅಮ್ಮನಿಗೆ. ಹಾಗಾಗಿ ಹುಬ್ಬಳ್ಳಿಯ ನನ್ನ ಹೆಂಡತಿ ಹಿಂದಿನ ಬೆಂಚಿನಲ್ಲಿ ಅಡ್ಡಡ್ಡ ಕೂರಬೇಕು. ಬೆಟ್ಟ ಹತ್ತಲು ಮಾಡಿದ ಗಾಡಿಯನ್ನು ಗುಂಡಿ ತಪ್ಪಿಸಿ ಓಡಿಸುವುದು ಗಾಡಿಗೇ ಅವಮಾನ ಎಂಬುದು ನನ್ನ ಸಿದ್ಧಾಂತ. ನಮ್ಮ ಕಡೆಯ ರಸ್ತೆಗಳಲ್ಲಿ ಈ ಸಿದ್ಧಾಂತ ಪಾಲಿಸಲು ಅವಕಾಶಕ್ಕೇನೂ ಬರವಿಲ್ಲ.

ಎರಡು ಸಲ ಬಂದಳು, ಎರಡು ಸಲವೂ ವಾಂತಿ ಮಾಡಿಕೊಂಡಳು. ಮೂರನೆಯ ಸಲ ಗಾಡಿ ಹತ್ತುವ ಮೊದಲೇ ತೀರ್ಪು ಕೊಟ್ಟಳು: "ಏನ್ರೀ, ಹಿಂಗ ಅಡ್ಡ ಕುಂತು ಹೋಗೋದು ನನಗ ಆಗೂದಿಲ್ಲ. ದೀಪಾವಳಿಯೊಳಗ ಆ ಸೀಟು ಮುಂದ ತಿರಗಬೇಕು. ಇಲ್ಲಾಂದ್ರ ಜೀಪು ಬ್ಯಾರೆಯವರ ಮನಿ ಕಡೆ ತಿರಗಬೇಕು."

ಆ ಜೀಪಿನ ಮೇಲೆ ನನಗೆ ಪ್ರಾಣ. ಜೀಪು ಕಂಪನಿಯ ಮುಂದಿನ ಮಾಡೆಲ್ ಹೇಗಿರಬೇಕೆಂಬುದು ಬೇರೆಯವರಿಗೆ ಹರಟೆ, ನನಗೆ ಅದು ಸಂಸಾರದ ಪ್ರಶ್ನೆಯಾಯಿತು.

೧. ಎಂಜಿನಿಗೊಂದು ಮೂಗು

ಭಾನುವಾರ ಬೆಳಿಗ್ಗೆ ಠಾಣೆ ನಗರದಲ್ಲಿ ಕುಂದಾಪುರದ ಮಿತ್ರರೊಬ್ಬರ ಹೋಟೆಲಿನಲ್ಲಿ ನಮ್ಮ ಸಭೆ. ಹೋಟೆಲ್ ಮಿತ್ರರು, ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಮೈಸೂರಿನ ಮಿತ್ರರು, ನಾನು. ಮೂವರದೂ ಒಂದೇ ತರಹದ ಜೀಪು, ಒಂದೇ ವಿಷಯ: ಕಂಪನಿ ಮುಂದಿನ ಮಾಡೆಲ್ ತರುತ್ತದಂತೆ, ಅದರಲ್ಲಿ ಏನೇನಿರಬೇಕು? ಮೈಸೂರು ಮಿತ್ರರು ಚಟ್ನಿಯಲ್ಲಿ ಬೆರಳದ್ದಿ ಟೇಬಲ್ಲಿನ ಮೇಲೆ ಹೊಸ ಜೀಪಿನ ಚಿತ್ರ ಬರೆಯುತ್ತಿದ್ದರು. ಚಕ್ರ ಬರೆಯುವಷ್ಟರಲ್ಲಿ ಸಪ್ಲೈಯರ್ ಬಂದು ಇಡೀ ಮಾಡೆಲ್ಲನ್ನು ಒರೆಸಿಕೊಂಡು ಹೋಗುತ್ತಿದ್ದ.

ಮೈಸೂರು ಮಿತ್ರರ ಮೊದಲ ಬೇಡಿಕೆ, ಎಂಜಿನಿಗೆ ಗಾಳಿ ಎಳೆದುಕೊಳ್ಳಲು ಬಾನೆಟ್ಟಿನ ಪಕ್ಕದಿಂದ ಮೇಲಕ್ಕೆ ಏರುವ ಒಂದು ಉದ್ದದ ಪೈಪು. ಅದಿದ್ದರೆ ಹೊಳೆಯನ್ನೂ ದಾಟಬಹುದಂತೆ. ಕಂಪನಿ ಕೊಡುವವರೆಗೆ ಕಾಯುವ ತಾಳ್ಮೆಯಿಲ್ಲದೆ ತಾವೇ ಒಂದು ಹಾಕಿಸಿಕೊಂಡರು. ಹೊಳೆ ಹುಡುಕಿಕೊಂಡು ಅವರೇನೂ ಹೋಗಬೇಕಾಗಲಿಲ್ಲ. ಜುಲೈ ತಿಂಗಳಲ್ಲಿ ಕಲ್ಯಾಣದ ಒಂದು ತಗ್ಗಿನ ರಸ್ತೆಯಲ್ಲಿ ಹೊಳೆಯೇ ಅವರನ್ನು ಹುಡುಕಿಕೊಂಡು ಬಂತು. ಬಸ್ಸು, ರಿಕ್ಷಾ ಎಲ್ಲ ದಡದಲ್ಲಿ ನಿಂತಿದ್ದಾಗ ಇವರೊಬ್ಬರೇ ಎದೆಯುಬ್ಬಿಸಿ ನೀರಿಗೆ ಇಳಿದರು.

ಸ್ವಲ್ಪ ಹೊತ್ತಿಗೆ ನನಗೆ ಫೋನು.

"ಸಾರ್, ನೀರಿನ ಮಧ್ಯ ಇದೀನಿ."

"ಅಯ್ಯೋ, ಎಂಜಿನ್ ನಿಂತಿತಾ?"

"ಎಂಜಿನ್ ಫಸ್ಟ್ ಕ್ಲಾಸಾಗಿ ಓಡ್ತಿದೆ ಸಾರ್. ಬಾಗಿಲ ಸಂದಿಯಿಂದ ನೀರು ಒಳಗೆ ಬರ್ತಿದೆ. ನನ್ನ ಚಪ್ಪಲಿ ಈಗ ಹಿಂದಿನ ಸೀಟಿನ ಹತ್ರ ತೇಲ್ತಿದೆ."

"ಬೇಗ ದಾಟಿಬಿಡಿ ಮತ್ತೆ."

"ದಾಟ್ತೀನಿ ಸಾರ್. ಆದ್ರೆ ಮುಂದಿನ ಮಾಡೆಲ್‌ಗೆ ಬರ್ಕೊಳ್ಳಿ: ಪೈಪು ಎರಡಿರಬೇಕು. ಒಂದು ಎಂಜಿನ್‌ಗೆ, ಒಂದು ಡ್ರೈವರ್‌ಗೆ!"

೨. ಸಾಂಬಾರಿನ ದಾರಿ

ಹೋಟೆಲ್ ಮಿತ್ರರಿಗೆ ಇಂಥ ದೊಡ್ಡ ಆಸೆಗಳಿರಲಿಲ್ಲ. ಅವರು ಜೀಪು ಕೊಂಡದ್ದು ವಾಶಿ ಮಾರ್ಕೆಟ್ಟಿನಿಂದ ತರಕಾರಿ ತರಲು, ಬೆಟ್ಟ ಹತ್ತುವುದು ಪಾಯಸದ ಮೇಲಿನ ದ್ರಾಕ್ಷಿಯಷ್ಟೇ. ಮೈಸೂರು ಮಿತ್ರರು "ಡಿಕ್ಕಿ ಇಷ್ಟು ಲೀಟರ್ ಇರ್ಬೇಕು" ಎಂದರೆ ಇವರು "ಅದೆಲ್ಲ ಬೇಡ ಮಾರಾಯ್ರೆ, ತೆಂಗಿನಕಾಯಿ ಎಷ್ಟು ಹಿಡೀತದೆ, ಅದು ಹೇಳಿ" ಎನ್ನುತ್ತಿದ್ದರು.

ಒಮ್ಮೆ ಮುರ್‌ಬಾಡ್ ಕಡೆಯ ಗುಡ್ಡಕ್ಕೆ ಮೂರೂ ಜೀಪು ಹೊರಟವು. ಮೈಸೂರು ಮಿತ್ರರು ಹಗ್ಗ, ಗುದ್ದಲಿ, ಕೊಕ್ಕೆ ತಂದಿದ್ದರು. ಹೋಟೆಲ್ ಮಿತ್ರರು ಇಡ್ಲಿ, ವಡೆ, ದೊಡ್ಡ ಪಾತ್ರೆಯ ತುಂಬ ಸಾಂಬಾರು ತಂದಿದ್ದರು. ಗುಡ್ಡದ ಮೊದಲ ಏರಿನಲ್ಲೇ ಅವರ ಜೀಪು ಮೂತಿ ಎತ್ತಿತು, ಪಾತ್ರೆ ಕೂತಲ್ಲೇ ಶರಣಾಯಿತು. ಜೀಪಿನ ನೆಲದ ಉದ್ದಗಲಕ್ಕೂ ಸಾಂಬಾರು. ಆ ನೆಲದ ಸುತ್ತ ಎತ್ತರದ ಅಂಚು, ಹೊರಗೆ ಹೋಗಲು ಒಂದು ತೂತಿಲ್ಲ. ಏರಿನಲ್ಲಿ ಹಿಂದಕ್ಕೆ, ಇಳಿಜಾರಿನಲ್ಲಿ ಮುಂದಕ್ಕೆ ಬಂದು ಬ್ರೇಕು ತುಳಿಯುವ ಅವರ ಕಾಲನ್ನೂ ತೋಯಿಸಿತು. ನಾವು ಒಣ ಇಡ್ಲಿ ತಿಂದು ವಾಪಸಾದೆವು.

ಆಮೇಲೆ ಒಂದು ತಿಂಗಳು ಅವರ ಜೀಪು ಎಲ್ಲಿ ನಿಂತರೂ ಬೀದಿನಾಯಿಗಳು ಸುತ್ತುತ್ತಿದ್ದವು. ಸಿಗ್ನಲ್ಲಿನಲ್ಲಿ ಪಕ್ಕದ ರಿಕ್ಷಾದವನು ಮೂಗರಳಿಸಿ, "ಶೇಟ್, ಇಡ್ಲಿ ಭೀ ಹೈ ಕ್ಯಾ?" ಎಂದು ಕೇಳಿದನಂತೆ.

ಮುಂದಿನ ಭಾನುವಾರ ಮೈಸೂರು ಮಿತ್ರರು ಎಂದಿನಂತೆ ಶುರುಮಾಡಿದರು. "ನೆಲದಲ್ಲಿ ಮುಚ್ಚಳ ಇರೋ ತೂತು ಬೇಕೇ ಬೇಕು ಸಾರ್. ಕೆಸರು ತುಂಬಿದ್ರೆ ತೊಳೆದು ಬಿಟ್ಬಿಡ್ಬಹುದು."

ಹೋಟೆಲ್ ಮಿತ್ರರು ಗಲ್ಲಾ ಬಿಟ್ಟು ಎದ್ದು ಬಂದು ಅವರ ಕೈ ಹಿಡಿದುಕೊಂಡರು. "ಇಷ್ಟು ವರ್ಷದಲ್ಲಿ ನೀವು ಹೇಳಿದ್ದು ಇದೊಂದೇ ಮಾತು ಸರಿ ಮಾರಾಯ್ರೆ. ಆದರೆ ತೂತು ಸ್ವಲ್ಪ ದೊಡ್ಡದಿರಲಿ. ನುಗ್ಗೆಕಾಯಿ ಸಿಕ್ಕಿಕೊಳ್ತದೆ!"

೩. ನಾಲ್ಕನೇ ಸೀಟು

ನನ್ನ ಸೀಟಿನ ಚಿಂತೆ ಹಾಗೇ ಇತ್ತು. ಅದಕ್ಕೆ ಬೆಂಬಲ ಸಿಗಬಹುದೆಂದುಕೊಂಡ ಕಡೆಯೇ ಕೈಕೊಟ್ಟಿತು.

ಒಂದು ಮಳೆಯ ದಿನ ಜೀಪಿನ ಯಾವುದೋ ಸಾಮಾನಿಗೆಂದು ಜೀಪಿನಲ್ಲೇ ಠಾಣೆಗೆ ಹೋಗಿದ್ದೆ. ಸಂಜೆಗೆ ಲೋಕಲ್ ರೈಲು ನಿಂತಿತು. ಸ್ಟೇಷನ್ನಿನ ಹೊರಗೆ ನನ್ನ ದಿನದ ರೈಲಿನ ಗುಂಪಿನವರು ಸಿಕ್ಕಿಬಿಟ್ಟರು. "ಚಲಾ, ಚಲಾ" ಎನ್ನುತ್ತಾ ಗುಂಪು ಹಿಂದಿನಿಂದ ಜೀಪು ಹತ್ತಿತು. ಲೋಕಲ್ಲಿನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವನಿಗೂ ಅಂಚು ಬಿಟ್ಟುಕೊಡುವುದು ಇಲ್ಲಿಯ ಧರ್ಮ. ಜೀಪಿನ ಬೆಂಚು ಇಬ್ಬರದು. ಆದರೂ ಧರ್ಮ ಬಿಡಲಾಗುತ್ತದೆಯೇ? ಒಂದೊಂದರಲ್ಲಿ ನಾಲ್ವರು ಕೂತರು, ಮಿಕ್ಕವರು ಕ್ಯಾನ್ವಾಸಿನ ಕೆಳಗಿನ ಕಬ್ಬಿಣದ ಕೊಳವೆ ಹಿಡಿದು ಬಗ್ಗಿ ನಿಂತರು.

ನನ್ನ ಪಕ್ಕದ ಸೀಟು ಖಾಲಿಯೇ ಇತ್ತು. "ಮುಂದೆ ಬನ್ನಿ" ಎಂದು ಕರೆದೆ.

"ಬೇಡಪ್ಪಾ, ಅದು ಫಸ್ಟ್ ಕ್ಲಾಸು. ನಮ್ದು ಸೆಕೆಂಡ್ ಕ್ಲಾಸ್ ಪಾಸು" ಎಂದಿತು ಗುಂಪು.

ಕಳವಾ ದಾಟುತ್ತಲೇ ಕೂತವರು ಎದ್ದು, ನಿಂತವರನ್ನು ಕೂರಿಸಿದರು, ಅದೂ ರೈಲಿನ ನೇಮ. ಕಟಾಯಿ ನಾಕಾ ಬಂದದ್ದೇ ಎಲ್ಲರೂ ಒಟ್ಟಿಗೆ ಎದ್ದರು. ದಡದಡನೆ ಅಷ್ಟೂ ತಲೆ ಕೊಳವೆಗೆ ಬಡಿದವು.

"ಡೊಂಬಿವಲಿ ಇನ್ನೂ ದೂರ ಇದೆಯಲ್ಲ, ಈಗಲೇ ಯಾಕೆ ಎದ್ದಿರಿ?"

ಒಬ್ಬರು ಹಣೆ ಉಜ್ಜಿಕೊಳ್ಳುತ್ತಾ, "ಒಂದು ಸ್ಟೇಷನ್ ಮೊದಲೇ ಏಳದಿದ್ದರೆ ಇಳಿಯೋಕಾಗುತ್ತಾ? ಹತ್ತೋರು ಒಳಗೆ ತಳ್ತಾರೆ" ಎಂದರು. ಮಳೆಯಲ್ಲಿ ಹತ್ತಲು ಒಂದು ನರಪಿಳ್ಳೆಯೂ ಇರಲಿಲ್ಲ.

ಇಳಿದ ಮೇಲೆ ಮುಂದಿನ ಮಾಡೆಲ್ಲಿಗೆ ಸಲಹೆ ಕೇಳಿದೆ. ಮೇಲೆ ಫ್ಯಾನು ಬೇಕು, ನೇತಾಡಲು ಹಿಡಿಕೆ ಬೇಕು ಎಂದರು. "ಸೀಟು ಮಾತ್ರ ಹೀಗೇ ಎದುರುಬದುರಾಗಿರಲಿ. ಮುಖ ಕಾಣದೆ ಹರಟೆ ಹೇಗೆ?" ಎಂಬುದು ಸರ್ವಾನುಮತದ ನಿರ್ಣಯ. ಕೊನೆಗೆ ಇಳಿದವರು ಕಿಟಕಿಗೆ ಬಗ್ಗಿ ಬಹಳ ಗಂಭೀರವಾಗಿ ಕೇಳಿದರು: "ನಾಳೆ ಇದು ಎಷ್ಟು ಗಂಟೆಗೆ? ಫಾಸ್ಟ್ ಲೋಕಲ್ಲಾ, ಸ್ಲೋನಾ?"

೪. ಬಿಸಿಲಿನಲ್ಲಿ ಛತ್ರಿ

ಕಂಪನಿಯನ್ನು ನಂಬಿದರೆ ದೀಪಾವಳಿ ಕಳೆದುಹೋದೀತೆಂದು ಕಳವಾ ಕಡೆಯ ಒಬ್ಬ ವೆಲ್ಡಿಂಗ್‌ನವನ ಹತ್ತಿರ ಹೋದೆ. "ಹೋ ಜಾಯೇಗಾ ಸಾಬ್" ಎಂದ. ಆಗಿಯೂ ಆಯಿತು. ಒಂದು ಬೆಂಚು ಕಿತ್ತು, ಇನ್ನೊಂದನ್ನು ಮುಂದಕ್ಕೆ ಮುಖಮಾಡಿ ಕೂರಿಸಿದ. ನೋಡಲು ಲಕ್ಷಣವಾಗಿತ್ತು. ಕಾಲಿಡಲು ಮಾತ್ರ ಜಾಗವಿರಲಿಲ್ಲ.

ಹೆಂಡತಿ ಹಿಂದಿನಿಂದ ಹತ್ತಿ, ಸೀಟಿನ ಬೆನ್ನು ದಾಟಿ ಕೂತಳು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. "ಹೆಂಗದ?" ಎಂದು ಅವಳದೇ ಭಾಷೆಯಲ್ಲಿ ಓಲೈಸಿದೆ.

"ಗರ್ಭದಾಗ ಕೂಸು ಇದ್ದಂಗ ಇದ್ದೀನಿ. ನಡೀರಿ."

ಹೊಸ ಸೀಟಿನ ಗಟ್ಟಿತನ ತೋರಿಸುವ ಉತ್ಸಾಹದಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆಯ ಒಂದು ಗುಂಡಿಯನ್ನೂ ಬಿಡಲಿಲ್ಲ. ಮಾತಾಡುತ್ತಾ ಹಿಂದಕ್ಕೆ ತಿರುಗುವುದು, ಎದುರಿಗೆ ಏನಾದರೂ ಕಂಡಾಗ ಗಕ್ಕನೆ ಬ್ರೇಕು ಹಾಕುವುದು ನನ್ನ ಎಂದಿನ ಪದ್ಧತಿ. ಹಿಂದಿನಿಂದ ಒಂದು ಸಣ್ಣ ನರಳಾಟ ಕೇಳಿತು. ಮುಂದಿದ್ದ ಅಮ್ಮನಿಗೆ ಅನುಭವ ಹೆಚ್ಚು. ಮಡಿಲಲ್ಲಿದ್ದ ಛತ್ರಿಯನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚಿ ಫಟ್ಟನೆ ಬಿಡಿಸಿದರು. ಛತ್ರಿ ಇಲ್ಲದಿದ್ದರೆ ಅವರ ತುರುಬಿನ ಗತಿ ಹೇಳುವುದೇ ಬೇಡ.

ಮನೆ ತಲುಪಿದ ಮೇಲೆ ಅಮ್ಮ ಶಾಂತವಾಗಿ ಹೇಳಿದರು: "ಸೀಟು ಮೊದಲಿನ ಹಾಗೇ ಮಾಡಿಸು ಮಾರಾಯ. ಮೊದಲಾದರೆ ಪಕ್ಕಕ್ಕೆ ಹೋಗ್ತಿತ್ತು, ಈಗ ಸೀದಾ ನನಗೇ ಬರ್ತದೆ."

ಸೀಟು ಮೊದಲಿನಂತಾಯಿತು. ಆದರೂ ಅಮ್ಮನಿಗೆ ಧೈರ್ಯ ಬರಲಿಲ್ಲ. ನಮ್ಮ ಓಣಿಯವರು ಬಹಳ ದಿನ ಒಂದು ದೃಶ್ಯ ನೋಡಿದ್ದಾರೆ. ಸುಡುವ ಬಿಸಿಲು, ಮೇಲೆ ಮುಚ್ಚಿದ ಜೀಪು, ಒಳಗೆ ಒಬ್ಬರು ಅಜ್ಜಿ ಹಿಮ್ಮುಖವಾಗಿ ಛತ್ರಿ ಹಿಡಿದು ಕೂತಿದ್ದಾರೆ!

೫. ಕಂಪನಿಯವರು ಬಂದರು

ಹೆಂಡತಿಯ ತಾಳ್ಮೆ ಅಲ್ಲಿಗೆ ಮುಗಿಯಿತು. ಅವಳೇ ಗಿರಾಕಿಯನ್ನೂ ಹುಡುಕಿದಳು. ಕೋಪರಖೈರಣೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ವಿಜಾಪುರದವರೊಬ್ಬರು. ಭಾನುವಾರ ಸಂಜೆ ಗಾಡಿ ನೋಡಲು ಬರುವುದೆಂದಾಯಿತು. ಆ ವಾರವೆಲ್ಲ ನಾನು ಜೀಪು ತೊಳೆದದ್ದೇ ತೊಳೆದದ್ದು. ಹೆಣ್ಣು ಕೊಡುವ ತಂದೆಯ ಕಣ್ಣೀರು ಏನೆಂದು ಆಗ ತಿಳಿಯಿತು.

ಅದೇ ಭಾನುವಾರ ಬೆಳಿಗ್ಗೆ ಹೋಟೆಲ್ ಮಿತ್ರರ ಫೋನು ಬಂತು. ಜೀಪು ಕಂಪನಿಯ ಎಂಜಿನಿಯರೊಬ್ಬರು, ದಾವಣಗೆರೆಯವರು, ಹೋಟೆಲಿಗೆ ಬಂದಿದ್ದಾರೆ, ಮುಂದಿನ ಮಾಡೆಲ್ಲಿಗೆ ಮಾಲೀಕರ ಅಭಿಪ್ರಾಯ ಕೇಳುತ್ತಿದ್ದಾರೆ! ಬಿದ್ದಂಬೀಳ ಓಡಿದೆ. ಮೈಸೂರು ಮಿತ್ರರು ಆಗಲೇ ಪೈಪಿನ ಭಾಷಣದಲ್ಲಿದ್ದರು. ಎಂಜಿನಿಯರು ತಾಳ್ಮೆಯಿಂದ ಕೇಳಿ, "ಇದೆಲ್ಲ ಆಯ್ತು. ಮನೆ ಮಂದಿ ಕೂತು ಹೋಗೋ ಗಾಡಿ ನೋಡ್ಬೇಕಿತ್ತು" ಎಂದರು.

ಕೊನೆಯ ಆಸೆ ಚಿಗುರಿತು. ಅವಳ ಸಂಕಟವನ್ನು ಇವರು ಕಣ್ಣಾರೆ ನೋಡಲಿ, ಸೀಟು ತಿರುಗಿಸುವೆವು ಎಂದು ಒಂದು ಮಾತು ಕೊಡಲಿ, ಅದನ್ನು ಹಿಡಿದು ಇನ್ನೊಂದು ವರ್ಷದ ಗಡುವು ಕೇಳೋಣವೆಂದು ಅವರನ್ನು ಮನೆಗೇ ಕರೆತಂದೆ. ಹೆಂಡತಿ ಪ್ಲಾಸ್ಟಿಕ್ ಚೀಲ, ಮೂಸಲು ನಿಂಬೆಹಣ್ಣು ಹಿಡಿದುಕೊಂಡೇ ಕೆಳಗೆ ಬಂದಳು. ಅಮ್ಮ ಛತ್ರಿ ತಂದರು.

"ಗಾಡಿ ನಾನು ಓಡಿಸ್ತೀನಿ. ಸದ್ದು ಎಲ್ಲಿ ಬರುತ್ತೆ ಕೇಳ್ಬೇಕು" ಎಂದರು ಎಂಜಿನಿಯರು. ನಾನು ಮೊದಲ ಸಲ ಹಿಂದಿನ ಬೆಂಚಿನಲ್ಲಿ ಹೆಂಡತಿಯ ಎದುರು ಕೂತೆ.

ಕಲ್ಯಾಣದ ದಾರಿ. ಆ ಮನುಷ್ಯ ಗುಂಡಿ ಕಂಡರೆ ಸುತ್ತು ಹಾಕಿ ಹೋಗುತ್ತಾರೆ. ತಪ್ಪಿಸಲಾಗದಿದ್ದರೆ ಮೆಲ್ಲಗೆ ಇಳಿಸಿ ಮೆಲ್ಲಗೆ ಹತ್ತಿಸುತ್ತಾರೆ. ಬ್ರೇಕು ಹಾಕಿದ್ದು ಗೊತ್ತೇ ಆಗುವುದಿಲ್ಲ. ಇದೇನು ಜೀಪು ಓಡಿಸುವ ರೀತಿಯೇ ಎಂದು ನನಗೆ ಒಳಗೊಳಗೇ ಸಿಟ್ಟು. ಹೆಂಡತಿಯ ಮುಖವನ್ನೇ ನೋಡುತ್ತಿದ್ದೆ, ಈಗ ಹಸಿರಾಗುತ್ತದೆ, ಈಗ ಹಸಿರಾಗುತ್ತದೆ ಎಂದು. ಅವಳು ಪರ್ಸಿನಿಂದ ಶೇಂಗಾ ಚಿಕ್ಕಿ ತೆಗೆದು ತಿನ್ನತೊಡಗಿದಳು. ನನಗೂ ಒಂದು ತುಂಡು ಕೊಟ್ಟಳು. ಮುಂದೆ ಅಮ್ಮ ಛತ್ರಿ ಮಡಿಸಿ ತೂಕಡಿಸುತ್ತಿದ್ದರು.

ದುರ್ಗಾಡಿ ಕೋಟೆಯ ಹತ್ತಿರ ಗಾಡಿ ನಿಲ್ಲಿಸಿ ಎಂಜಿನಿಯರು ಹಿಂದಕ್ಕೆ ತಿರುಗಿದರು. "ಹೇಳಿ ಅಕ್ಕಾರೆ, ಮುಂದಿನ ಮಾಡೆಲ್‌ನಲ್ಲಿ ಸೀಟು ಯಾವ ಕಡೆ ತಿರುಗಿಸ್ಬೇಕು?"

ಅವಳು ಚಿಕ್ಕಿ ನುಂಗಿ, ನನ್ನನ್ನೊಮ್ಮೆ ನೋಡಿ, ನಿಧಾನಕ್ಕೆ ಹೇಳಿದಳು: "ಸೀಟು ಎತ್ತಾಗ ಇದ್ದರೂ ನಡೀತದ್ರೀ ಅಣ್ಣಾರ. ಡ್ರೈವರ್ ಮಾತ್ರ ಕಂಪನಿಯಿಂದನ ಫಿಟ್ ಮಾಡಿ ಕಳಸ್ರಿ."

ಅಮ್ಮ ತೂಕಡಿಕೆಯಿಂದ ಎಚ್ಚೆತ್ತು ನಕ್ಕರು. ನಾನು ಚಿಕ್ಕಿ ಅಗಿಯುವುದನ್ನೇ ಮರೆತೆ. ಇಷ್ಟು ವರ್ಷ ಕಂಪನಿಯ ತಪ್ಪು ಹುಡುಕುತ್ತಿದ್ದವನು ನಾನು! ನಾಚಿಕೆಯಾಯಿತು, ಒಳಗೊಳಗೇ ಸಂತೋಷವೂ ಆಯಿತು, ಏಕೆಂದರೆ ಜೀಪಿನ ಮೇಲೆ ಇನ್ನು ದೂರಿಲ್ಲ.

ಸಂಜೆ ವಾಪಸು ಬರುವಾಗ ಬಿಲ್ಡಿಂಗಿನ ಕೆಳಗೆ ವಿಜಾಪುರದವರು ಕಾಯುತ್ತಿದ್ದರು. ಜೀಪಿನ ಸುತ್ತ ಎರಡು ಸುತ್ತು ಬಂದು, ಟೈರು ಒದ್ದು ನೋಡಿ, "ಗಾಡಿ ಛಲೋ ಅದರೀ. ಕೊಡೋದು ಖರೇನ?" ಎಂದು ಹೆಂಡತಿಯನ್ನು ಕೇಳಿದರು.

ಅವಳು ಜೀಪಿನ ಬಾಗಿಲಿಗೆ ಅಡ್ಡ ನಿಂತಳು. "ಗಾಡಿ ಕೊಡಂಗಿಲ್ರೀ. ಬೇಕಂದ್ರ ಇದರ ಡ್ರೈವರ್ನ ಒಯ್ರಿ, ಪುಕ್ಕಟೆ."

ಅಂಗಡಿಯವರು ಅಂಗಡಿಯವರೇ. ಪುಕ್ಕಟೆ ಎಂದ ಮಾತ್ರಕ್ಕೆ ನಂಬುವವರಲ್ಲ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಹೊಟ್ಟೆಯ ಹತ್ತಿರ ಸ್ವಲ್ಪ ಹೊತ್ತು ಕಣ್ಣು ನಿಲ್ಲಿಸಿ, ಕೇಳಿದರು:

"ಮೈಲೇಜ್ ಎಷ್ಟು ಕೊಡ್ತದ?"